ಬಾಯಿ ಮುಚ್ಚುವ ಪದಗಳು

ಶಾಲೆಯ ಮಕ್ಕಳೆಲ್ಲ ಅವಳನ್ನು ಬಾಯಜ್ಜಿ ಎಂದೇ ಕರೆಯುತ್ತಿದ್ದರು. ಬಾಯಿ ಜೋರು ಎಂದು ಕೊಟ್ಟ ಹೆಸರಲ್ಲ ಅದು; ಹಾಗಂದವರ ನಾಲಿಗೆ ಸೇದಿಹೋಗಲಿ. ಮಾತಾಡುವಾಗ ಅವಳ ಬಾಯಿ ಮುಖದ ತುಂಬ ಓಡಾಡುತ್ತಿತ್ತು, ಅದಕ್ಕೆ ಆ ಹೆಸರು. "ಕಿಟಕಿ" ಎಂದರೆ ತುಟಿ ಎರಡೂ ಕಿವಿಯನ್ನು ಮುಟ್ಟಿ ಬರುತ್ತಿತ್ತು. "ಊಟ" ಎಂದರೆ ಎದುರಿಗಿದ್ದವರಿಗೆ ಮುತ್ತು ಕೊಡಲು ಬಂದಳೇನೋ ಎನ್ನಿಸಬೇಕು, ಹಾಗೆ ಮೂತಿ ಮುಂದಕ್ಕೆ ಬರುತ್ತಿತ್ತು. ಹೊಸ ಮಕ್ಕಳು ಮೊದಲ ದಿನ ಹೆದರುತ್ತಿದ್ದವು, ಎರಡನೆಯ ದಿನ ನಗುತ್ತಿದ್ದವು, ಮೂರನೆಯ ದಿನದಿಂದ ತಾವೂ ಹಾಗೇ ಮಾತಾಡುತ್ತಿದ್ದವು.

ಈ ಬಾಯಿ ಅವಳಿಗೆ ಬಂದದ್ದು ಬಟ್ಟೆ ಮಿಲ್ಲಿನಿಂದ. ಹದಿನೇಳನೆಯ ವಯಸ್ಸಿಗೆ ಮಿಲ್ಲು ಹೊಕ್ಕವಳು ಮೂವತ್ತೈದು ವರ್ಷ ಅಲ್ಲೇ ಮಗ್ಗ ನೋಡಿಕೊಂಡಳು. ಒಂದೇ ಸೂರಿನಡಿ ಇನ್ನೂರು ಮಗ್ಗ. ಪಕ್ಕದವಳು ಕಿವಿಗೇ ಬಾಯಿಟ್ಟು ಕಿರುಚಿದರೂ ಕೇಳದಂಥ ಗದ್ದಲ. ಹಾಗಂತ ಅಷ್ಟು ಜನ ಹೆಂಗಸರು ದಿನವಿಡೀ ಮಾತಿಲ್ಲದೆ ಇರುತ್ತಾರೆಯೇ? ಸ್ವರವನ್ನು ಕೈಬಿಟ್ಟು ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು. ತುಟಿ ಸಾಲದಾದಾಗ ಕೈಯನ್ನೂ ಸೇರಿಸುತ್ತಿದ್ದರು. ಆ ತುದಿಯ ಮಗ್ಗದವಳ ಸೊಸೆ ಬೆಳಿಗ್ಗೆ ಸಿಡುಕಿದ್ದು ಎರಡೇ ನಿಮಿಷದಲ್ಲಿ ಈ ತುದಿಗೆ ಬಂದು ತಲುಪುತ್ತಿತ್ತು. ಹೊಸದಾಗಿ ಬಂದ ಮೇಸ್ತ್ರಿಯೊಬ್ಬ ಇವರೆಲ್ಲ ಏನೋ ಮೆಲ್ಲುತ್ತಿದ್ದಾರೆಂದು ತಿಳಿದು, ಕೆಲಸದ ಹೊತ್ತಿನಲ್ಲಿ ಯಾರೂ ತಿನ್ನಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದ. ಆ ಚೀಟಿಯ ವಿಷಯವನ್ನೇ ಇವರು ಒಂದು ವಾರ ಮೆದ್ದರು.

ಮಿಲ್ಲು ಮುಚ್ಚಿದಾಗ ಬಾಯಜ್ಜಿ ತನ್ನ ಕಿವಿಗಳನ್ನು ಅಲ್ಲೇ ಬಿಟ್ಟು ಬಂದಿದ್ದಳು. ಗುಡುಗಿದರೆ, ಬಾಗಿಲು ದಢಾರೆಂದರೆ ಏನೋ ಆಯಿತೆಂದು ಗೊತ್ತಾಗುತ್ತಿತ್ತು, ಅಷ್ಟೇ. ಮನುಷ್ಯರ ದನಿ ಎಂಬುದು ಅವಳ ಪಾಲಿಗೆ ಮುಗಿದಿತ್ತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವಳೂ ಅವಳ ತಂಗಿಯೂ ಇದ್ದರು. ತಂಗಿಯೂ ಮಿಲ್ಲಿನವಳೇ, ಆದರೆ ಬಟ್ಟೆ ಮಡಿಸುವ ಕೋಣೆಯಲ್ಲಿದ್ದವಳು. ಅವಳ ಕಿವಿ ಉಳಿದಿತ್ತು. ಅಕ್ಕತಂಗಿ ಮನೆಯಲ್ಲೂ ತುಟಿಯಲ್ಲೇ ಮಾತು, ತುಟಿಯಲ್ಲೇ ಜಗಳ. ಕೆಳಗಿನ ಸೈಕಲ್ ಅಂಗಡಿಯವನು ಹತ್ತು ವರ್ಷದಿಂದ ಈ ಇಬ್ಬರಿಗೂ ಮಾತುಕತೆ ಇಲ್ಲವೆಂದೇ ನಂಬಿದ್ದ. "ಏನೇ ಆಗಲಿ, ಒಡಹುಟ್ಟಿದವರು, ಮಾತಾಡಿಬಿಡಿ" ಎಂದು ಒಮ್ಮೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡಿದ್ದ ಪುಣ್ಯಾತ್ಮ.

ಆರು ವರ್ಷದ ಹಿಂದೆ ಬೀದಿಯ ಕೊನೆಯ ಪುಟ್ಟ ಶಾಲೆಯಲ್ಲಿ ಆಯಾ ಬೇಕೆಂದಾಗ ಅವಳು ಹೋಗಿ ನಿಂತಳು. ಕೈ ತೊಳೆಸುವುದು, ಲೇಸು ಕಟ್ಟುವುದು, ಸಂಜೆ ಸೀಟಿ ಊದಿ ಮಕ್ಕಳಿಗೆ ರಸ್ತೆ ದಾಟಿಸುವುದು. ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಅವರು ಅರ್ಜಿ ಹಿಡಿದು, "ಕಣ್ಣು, ಕಿವಿ ಸರಿಯಾಗಿದೆಯಾ?" ಎಂದು ಕೇಳಿದರು. ಅವರ ತುಟಿಯನ್ನೇ ನೋಡುತ್ತ, "ಎರಡೂ ಚೆನ್ನಾಗಿದೆ" ಎಂದಳು ಬಾಯಜ್ಜಿ. ಜೀವನದಲ್ಲಿ ಅಂಥ ಹಸಿ ಸುಳ್ಳು ಹೇಳಿದ್ದು ಅದೊಂದೇ ಸಲ. ಬೇರೆ ದಾರಿ ಇರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸುಳ್ಳು ದಕ್ಕಿತು. ಮಕ್ಕಳಿಗೆ ಅವಳು ಹೇಳಿಟ್ಟಿದ್ದಳು: "ನನ್ನ ಹತ್ರ ಮಾತಾಡೋ ಮುಂಚೆ ಮೊಣಕೈಗೆ ಎರಡು ಸಲ ತಟ್ಟಬೇಕು. ಅದು ಮರ್ಯಾದೆ." ಮಕ್ಕಳು ತಟ್ಟುತ್ತಿದ್ದವು. ಫೋನು ಬಂದರೆ, "ನನಗೂ ಅದಕ್ಕೂ ಆಗಿಬರಲ್ಲ" ಎಂದು ಬೇರೆಯವರ ಕೈಗೆ ಕೊಡುತ್ತಿದ್ದಳು. ದೊಡ್ಡ ಟೀಚರ್ ಮಾತಾಡುವಾಗ ಕಣ್ಣು ಕೀಳದೆ ಅವರ ಮುಖವನ್ನೇ ನೋಡುತ್ತಿದ್ದಳಲ್ಲ, ಅವರಿಗೆ ಅದು ಬಹಳ ಹಿಡಿಸಿತ್ತು. "ಇಡೀ ಶಾಲೇಲಿ ನನ್ನ ಮಾತನ್ನ ಗಮನ ಇಟ್ಟು ಕೇಳೋರು ಅಂದ್ರೆ ನೀವೊಬ್ರೇ" ಎನ್ನುತ್ತಿದ್ದರು. ಪಾಪ, ಕೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಜವೇ ಆಗಿತ್ತು.

ಓದು ಕಲಿಸುವ ಕೆಲಸ ಅವಳ ಕೊರಳಿಗೆ ಬಿದ್ದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಕೆಲವು ಮಕ್ಕಳಿಗೆ ಅಕ್ಷರವನ್ನು ಮುದ್ದಾಗಿ ಬರೆಯಲು ಬರುತ್ತದೆ, ಆದರೆ ಮಾತು ಎಂಬುದು ಸಣ್ಣ ಸಣ್ಣ ಸದ್ದು ಸೇರಿ ಆದದ್ದು ಎಂಬುದೇ ಹೊಳೆದಿರುವುದಿಲ್ಲ. ಕಿಟಕಿ ಎಂದರೆ ಗೋಡೆಯಲ್ಲಿರುವ ಕಿಟಕಿ, ಅಷ್ಟೇ. ಅದರಲ್ಲಿ ಮೂರು ತುಂಡು ಇದೆ ಎಂದರೆ ಎದ್ದು ಹೋಗಿ ಗಾಜು ಎಣಿಸುತ್ತವೆ. ಅಂಥ ಮಕ್ಕಳನ್ನು ಬಾಯಜ್ಜಿ ಹೊರಗಿನ ತಗಡಿನ ಚಪ್ಪರದಡಿ ಕೂರಿಸಿಕೊಂಡು, ಮಗ್ಗದ ತಾಳಕ್ಕೆ ಪಳಗಿದ ಕಾಲಿನಿಂದ ನೆಲ ಕುಟ್ಟುತ್ತ ಆಡಿಸುತ್ತಿದ್ದಳು. ಕಿ, ಟ, ಕಿ: ಮೂರು ಸಲ ಕಾಲು. ಮೇ, ಜು: ಎರಡು. ಆಮೇಲೆ ಕಳ್ಳನ ಆಟ. "ಕಳ್ಳ ಬಂದು ಮೊದಲನೇ ತುಂಡು ಕದ್ದುಬಿಟ್ಟ! 'ಟಕಿ' ಉಳೀತು. ಏನು ಕದ್ದ, ಹೇಳ್ರೋ?" ಎಂದು ಕಿರುಚಿದರೆ ಮಕ್ಕಳೂ ಕಿರುಚುತ್ತಿದ್ದವು. ಅದು ಮುಗಿದರೆ ಮನೆ ಆಟ. ಒಂದೇ ಥರ ಶುರುವಾಗುವ ಪದಗಳೆಲ್ಲ ಒಂದೇ ಮನೆಯವು. "ಬಾಯಿ ಏನು ಮಾಡುತ್ತೆ ನೋಡಿ. ಬಾಯಿ ಒಂದೇ ಥರ ಆದ್ರೆ ಮನೆ ಒಂದೇ." ಆರೆಂಟು ವಾರ ಹೀಗೆ ಕುಟ್ಟಿ ಕೂಗಿ ತರಗತಿಗೆ ಹೋದ ಮಕ್ಕಳು ಅಕ್ಷರವನ್ನು ಗಬಕ್ಕನೆ ಹಿಡಿಯುತ್ತಿದ್ದವು. ಐದು ವರ್ಷದಲ್ಲಿ ಒಂದು ಮಗುವೂ ಹಿಂದೆ ಉಳಿದಿರಲಿಲ್ಲ. ಬಾಯಜ್ಜಿಗೆ ಒಳಗೊಳಗೇ ಜಂಬವಿತ್ತು, ಇರಲಿ ಬಿಡಿ, ಅವಳಿಗಲ್ಲದೆ ಇನ್ನಾರಿಗೆ ಇರಬೇಕು?

ಈ ವರ್ಷ ಚಪ್ಪರಕ್ಕೆ ಅಂಟಿಕೊಂಡ ಹಾಗೆ ಹೊಸ ತರಗತಿಯ ಕೋಣೆ ಕಟ್ಟಿದರು. "ಅಜ್ಜೀ, ಇನ್ಮೇಲೆ ಮೆಲ್ಲಗೆ. ಪಕ್ಕದಲ್ಲಿ ಪಾಠ ನಡೀತಿರುತ್ತೆ" ಎಂದು ದೊಡ್ಡ ಟೀಚರ್ ಅವಳ ಮಕ್ಕಳನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಕಳಿಸಿದರು. ಬಾಯಜ್ಜಿ ದನಿ ತಗ್ಗಿಸಿದಳು. ಮೂಲೆಯಿಂದ ಒಂದು ಚೂರೂ ಗಲಾಟೆ ಇಲ್ಲವೆಂದು ಎಲ್ಲರೂ ಮೆಚ್ಚಿಕೊಂಡರು.

ಆ ಮೂಲೆಗೆ ಬಂದ ನಾಲ್ವರಲ್ಲಿ ಚಿಟಿಕೆ ಒಬ್ಬಳು. ಆರು ವರ್ಷದ ಹುಡುಗಿ, ನೋಡಿದರೆ ನಾಲ್ಕು ಎನ್ನಬೇಕು, ಅಷ್ಟೇ ಅಷ್ಟು; ಅದಕ್ಕೇ ಅವಳಮ್ಮ ಇಟ್ಟ ಅಡ್ಡಹೆಸರು ಶಾಲೆಗೂ ಬಂದಿತ್ತು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಊರಿಗೆ ಹೊಸಬರು, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಿಕ್ಕ ಮೂವರು ಮಕ್ಕಳು ಕಳೆದ ವರ್ಷ ಒಂದಿಷ್ಟು ಅಕ್ಷರ ಕಲಿತು ಬಂದಿದ್ದವು. ಚಿಟಿಕೆಗೆ ಬಾಯಜ್ಜಿಯೇ ಮೊದಲು, ಬಾಯಜ್ಜಿಯೇ ಕೊನೆ. ಅಜ್ಜಿಯ ತುಟಿಯನ್ನು ಅವಳು ಓದುವ ಚಂದ ನೋಡಬೇಕಿತ್ತು! ಕಾಲು ಕುಟ್ಟುವುದರಲ್ಲಿ ಒಂದು ತಪ್ಪಿಲ್ಲ, ಕಳ್ಳ ಕದ್ದದ್ದನ್ನು ಎಲ್ಲರಿಗಿಂತ ಮೊದಲು ಹಿಡಿಯುವವಳು ಅವಳೇ. ಆದರೆ ತರಗತಿಗೆ ಹೋಗಿ ಪುಸ್ತಕ ತೆರೆದರೆ ಎಲ್ಲ ಕಲಸುಮೇಲೋಗರ. ನಾಲ್ಕು ತಿಂಗಳಾಯಿತು, ಒಂದು ಸಾಲು ಓದಲಿಲ್ಲ.

ಸೋಮವಾರ ದೊಡ್ಡ ಟೀಚರ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಕರೆದುಕೊಂಡು ಹೋದ ಬಾಯಜ್ಜಿ ಎದುರಿಗೇ ನಿಂತಳು. ಮೇಜಿನ ಮೇಲೆ ಚಿತ್ರದ ಚೀಟಿಗಳು, ಅಕ್ಷರ ಬರೆದ ಐದು ಡಬ್ಬಿ. ಯಾವ ಪದ ಯಾವ ಅಕ್ಷರದಿಂದ ಶುರುವಾಗುತ್ತದೋ ಆ ಡಬ್ಬಿಗೆ ಹಾಕಬೇಕು. ಕಿಟಕಿಯ ಚಿತ್ರ ಸರಿಯಾದ ಡಬ್ಬಿಗೆ ಹೋಯಿತು. ಸೂಜಿಯೂ ಹೋಯಿತು. ಆಮೇಲೆ ಪುಸ್ತಕ, ಬೀಗ, ಮೇಜು, ಬಕೆಟ್ಟು, ಪೆನ್ಸಿಲ್ಲು, ಮೊಟ್ಟೆ, ಆರನ್ನೂ ಚಿಟಿಕೆ ಒಂದೇ ಡಬ್ಬಿಗೆ ಸುರಿದಳು. ಎರಡು ಡಬ್ಬಿ ಖಾಲಿ ಉಳಿದವು.

"ಪುಸ್ತಕ, ಬೀಗ, ಮೇಜು ಮೂರೂ ಒಂದೇ ಥರ ಶುರುವಾಗುತ್ತಾ ಪುಟ್ಟಿ?" ದೊಡ್ಡ ಟೀಚರ್ ಕೇಳಿದರು.

"ಹೂಂ. ಎಲ್ಲ ಬಾಯಿ ಮುಚ್ಚೋ ಪದಗಳು. ಒಂದೇ ಮನೆ" ಎಂದಳು ಚಿಟಿಕೆ, ಒಂದಿಷ್ಟೂ ಅಳುಕಿಲ್ಲದೆ. ಹೇಳಿ ಶಾಬಾಸ್‌ಗಿರಿಗೆಂದು ಬಾಯಜ್ಜಿಯ ಕಡೆ ನೋಡಿದಳು.

ಬಾಯಜ್ಜಿಯ ಕಣ್ಣು ಆ ಆರು ಚೀಟಿಗಳತ್ತ ಹೋಯಿತು. ಯಾಕೆಂದು ಆ ಕ್ಷಣಕ್ಕೆ ಅವಳಿಗೂ ತಿಳಿಯಲಿಲ್ಲ. ದೊಡ್ಡ ಟೀಚರ್ ಡಬ್ಬಿ ಮುಚ್ಚುತ್ತ ಹೇಳಿದರು: "ಕಿವಿ ಡಾಕ್ಟರಿಗೆ ತೋರಿಸಿ ಆಯ್ತು, ಕಿವಿ ಸರಿ ಇದೆಯಂತೆ. ಹಾಗಾದ್ರೆ ತಲೇಲೇ ಏನೋ ನಿಧಾನ. ನಮ್ಮ ಕೈಲಿ ಆಗಲ್ಲ ಅಜ್ಜಿ. ಇಂಥ ಮಕ್ಕಳಿಗೆ ಅಂತಲೇ ಒಂದು ಶಾಲೆ ಇದೆ, ಊರಿನ ಆ ಕಡೆ. ಶುಕ್ರವಾರ ಅವರಮ್ಮ ಬಂದು ಸಹಿ ಹಾಕಲಿ."

ಆ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ತಾಯಿ ಲಾಂಡ್ರಿ ಬಿಡಬೇಕು, ಇಲ್ಲವೇ ಮಗಳನ್ನು ಅಲ್ಲೇ ಇಟ್ಟು ಬರಬೇಕು. ಅದಕ್ಕಿಂತ ಹೆಚ್ಚಾಗಿ, ನಿಧಾನ ಎಂಬ ಆ ಒಂದು ಮಾತು ಹಾಳೆಯ ಮೇಲೆ ಬಿದ್ದರೆ ಜನ್ಮಪೂರ್ತಿ ಮಗುವಿನ ಬೆನ್ನು ಬಿಡುವುದಿಲ್ಲ. ಕಳ್ಳನನ್ನು ಎಲ್ಲರಿಗಿಂತ ಮೊದಲು ಹಿಡಿಯುವ ಮಗು ನಿಧಾನವೇ?

ಸಂಜೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ತಂಗಿಗೆ ಎಲ್ಲವನ್ನೂ ಹೇಳಿದಳು, ತುಟಿಯಲ್ಲೇ. ತಂಗಿಯ ಚಾಕು ನಿಂತಿತು.

"ನೀನು ಮೆಟ್ಟಿಲ ಕೆಳಗೆ ಹೇಗೆ ಪಾಠ ಮಾಡ್ತೀಯ? ಮಾಡಿ ತೋರ್ಸು" ಎಂದಳು.

ಬಾಯಜ್ಜಿ ಮಾಡಿ ತೋರಿಸಿದಳು. ತಂಗಿ ಎದ್ದು ಬಂದು, ಒದ್ದೆ ಕೈಯಲ್ಲೇ ಅಕ್ಕನ ಕೈ ಹಿಡಿದು, ಅವಳ ಬೆರಳುಗಳನ್ನು ಅವಳದೇ ಗಂಟಲ ಮೇಲೆ ಇಟ್ಟಳು. "ಈಗ ಜೋರಾಗಿ ಹೇಳು, ಚಪ್ಪರದಲ್ಲಿ ಹೇಳ್ತಿದ್ದ ಹಾಗೆ." ಬಾಯಜ್ಜಿ "ಬೀಗ" ಎಂದಳು. ಬೆರಳಡಿಯಲ್ಲಿ ಗಂಟಲು ಗುಂಯ್ ಎಂದು ಅದುರಿತು. "ಈಗ ಮೆಟ್ಟಿಲ ಕೆಳಗಿನ ಹಾಗೆ." ಬಾಯಜ್ಜಿ ಮೆಲ್ಲಗೆ "ಬೀಗ" ಎಂದಳು. ಗಂಟಲು ಕಲ್ಲಿನ ಹಾಗೆ ಸುಮ್ಮನಿತ್ತು. ಇನ್ನೊಮ್ಮೆ ಎಂದಳು. ಏನೂ ಇಲ್ಲ.

"ಮೆಲ್ಲಗೆ ಮಾತಾಡ್ತೀನಿ ಅಂದ್ಕೊಂಡಿದ್ದೀಯ. ದನಿಯೇ ಇಲ್ಲ ಅಕ್ಕ. ನಾಲ್ಕು ತಿಂಗಳಿಂದ ಮಕ್ಕಳಿಗೆ ಮಿಲ್ಲಿನ ಮಾತು ಕಲಿಸ್ತಿದ್ದೀಯ."

ಆಗ ಬಾಯಜ್ಜಿಗೆ ಆರು ಚೀಟಿ ಒಂದೇ ಡಬ್ಬಿಗೆ ಬಿದ್ದದ್ದು ಕಣ್ಣ ಮುಂದೆ ಬಂತು. ನೀವೂ ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ ಪ, ಬ, ಮ ಎಂದು ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ. ಕಣ್ಣಿಗೆ ಅವು ಮೂರಲ್ಲ, ಒಂದು. ಮಿಲ್ಲಿನಲ್ಲಿ ಅದಕ್ಕೇ ಕೈ ಸೇರಿಸುತ್ತಿದ್ದದ್ದು. ಹೊಸ ಹುಡುಗಿಯರಿಗೆ ಮೊದಲ ವಾರವೇ ಹೇಳಿಕೊಡುತ್ತಿದ್ದರು: ಮ ಎನ್ನುವಾಗ ಬೆರಳು ಮೂಗಿಗೆ, ಬ ಎನ್ನುವಾಗ ಗಂಟಲಿಗೆ, ಪ ಎನ್ನುವಾಗ ಅಂಗೈ ತುಟಿಯ ಮುಂದೆ. ಅಕ್ಕತಂಗಿಯ ನಡುವೆ ಅದರ ಅಗತ್ಯವೇ ಬೀಳದೆ ಮರೆತೇಹೋಗಿತ್ತು. ಚಿಟಿಕೆ ಒಂದೂ ತಪ್ಪು ಮಾಡಿರಲಿಲ್ಲ. ಬಾಯಿ ಒಂದೇ ಥರ ಆದರೆ ಮನೆ ಒಂದೇ ಎಂದು ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಳು. ತರಗತಿಯ ಟೀಚರ್ ಬೇರೆ ಹೇಳಿದರೆ, ಅಜ್ಜಿ ಹೇಳಿದ್ದೇ ಸರಿ ಎಂದು ಪಟ್ಟು ಹಿಡಿದಿದ್ದಳು.

"ನನ್ನ ಕಿವೀದು ಆ ಮಗೂ ತಲೆ ಮೇಲೆ ಹಾಕ್ತಿದ್ದಾರಲ್ಲೇ" ಎಂದು ಬಾಯಜ್ಜಿ ಅತ್ತುಬಿಟ್ಟಳು. ಈ ಸಲ ದನಿ ಹೊರಗೇ ಬಂದಿರಬೇಕು, ಕೆಳಗಿನಿಂದ ಸೈಕಲ್ ಅಂಗಡಿಯವನು ಮೇಲಕ್ಕೆ ಇಣುಕಿ ನೋಡಿದ.

"ಅಳಬೇಡ. ಮೂರು ದಿನ ಇದೆಯಲ್ಲ, ಸದ್ದಿಲ್ದೆ ಮಗೂಗೆ ಕಲಿಸಿಬಿಡು. ಕಿವಿ ವಿಷಯ ಮಾತ್ರ ಬಾಯಿ ಬಿಡಬೇಡ. ಬಿಟ್ರೆ ಕೆಲಸಕ್ಕೆ ಎಳ್ಳುನೀರು" ಎಂದಳು ತಂಗಿ.

ಬಾಯಜ್ಜಿ ಹಾಗೇ ಮಾಡಿದಳು. ಮಂಗಳವಾರ ಚಿಟಿಕೆಯನ್ನು ಒಬ್ಬಳನ್ನೇ ಕರೆದುಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ಹೋದಳು. ತನ್ನ ಗಂಟಲ ಮೇಲೆ ಒಂದು ಕೈ ಇಟ್ಟುಕೊಂಡೇ ಮಾತಾಡಿದಳು, ದನಿ ಬರುತ್ತಿದೆಯೋ ಇಲ್ಲವೋ ನೋಡಿಕೊಳ್ಳಲು.

"ಮೂಗು ಬಿಗಿಯಾಗಿ ಹಿಡ್ಕೊಂಡು 'ಮೇಜು' ಅನ್ನು."

ಚಿಟಿಕೆ ಮೂಗು ಹಿಡಿದು ಹೇಳಲು ಹೋಗಿ, ಬಾರದೆ, ಬಿದ್ದು ಬಿದ್ದು ನಕ್ಕಳು.

"ಬರಲ್ಲ ಅಲ್ವಾ? ಅದು ಮೂಗಿನ ಮನೇದು. ಈಗ ಮೂಗು ಹಿಡ್ಕೊಂಡೇ 'ಪುಸ್ತಕ' ಅನ್ನು. ಬಂತಾ? ಹಾಗಾದ್ರೆ ಅದರ ಮನೆ ಬೇರೆ. ಕೈ ಇಲ್ಲಿಡು, ಬಾಯಿ ಮುಂದೆ. ಪ... ಗಾಳಿ ತಟ್ಟಿತಾ? ಈಗ ಗಂಟಲಿಗೆ. ಬ... ಗುಂಯ್ ಅಂತಾ?"

"ಜೇನುಹುಳ ಇದೆ ಅಜ್ಜಿ ಒಳಗೆ!"

"ಇದೆ ತಾಯಿ, ಇದೆ. ನಾನು ಮೂರು ಮನೆಗೂ ಒಂದೇ ಬಾಗಿಲು ಅಂತ ಹೇಳಿಬಿಟ್ಟಿದ್ದೆ. ತಪ್ಪು ನಂದು, ನಿಂದಲ್ಲ. ಗೊತ್ತಾಯ್ತಾ?"

ಗುರುವಾರದ ಹೊತ್ತಿಗೆ ಚಿಟಿಕೆಯ ಬೆರಳು ತಾನಾಗಿ ಮೂಗಿಗೂ ಗಂಟಲಿಗೂ ಓಡುತ್ತಿತ್ತು. ಕಂಡ ಕಂಡ ವಸ್ತುವನ್ನೆಲ್ಲ ಮನೆ ಸೇರಿಸುತ್ತಿದ್ದಳು. ಬಾಯಜ್ಜಿ ಖುಷಿಯಿಂದ ದೊಡ್ಡ ಟೀಚರ್ ಬಳಿ ಹೋಗಿ, ಮಗುವನ್ನು ಇನ್ನೊಂದು ಸಲ ನೋಡಿ ಎಂದು ಕೇಳಿಕೊಂಡಳು. ಅವರು ನಕ್ಕು ಅವಳ ಭುಜ ತಟ್ಟಿದರು. "ನಾಲ್ಕು ತಿಂಗಳಲ್ಲಿ ಆಗದ್ದು ಮೂರು ದಿನಕ್ಕೆ ಆಗುತ್ತಾ ಅಜ್ಜಿ? ನಿಮಗೆ ಅವಳ ಮೇಲೆ ಪ್ರೀತಿ, ನನಗೆ ಅರ್ಥ ಆಗುತ್ತೆ. ಎರಡು ಪದ ಬಾಯಿಪಾಠ ಮಾಡಿಸಿರ್ತೀರ. ಅದರಿಂದ ಅವಳಿಗೇ ತೊಂದರೆ."

ಹೇಗೆ ಆಯಿತೆಂದು ಹೇಳದಿದ್ದರೆ ಅವರು ನಂಬುವುದಿಲ್ಲ. ಹೇಗೆ ಆಯಿತೆಂದು ಹೇಳಿದರೆ ಆರು ವರ್ಷದ ಸುಳ್ಳು ಹೊರಗೆ ಬೀಳುತ್ತದೆ. ಬಾಯಜ್ಜಿ ಹೊರಗೆ ಬಂದಳು. ಹೊರಗೆ ಬಂದವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆ ದಿನ ರಸ್ತೆ ದಾಟಿಸುವಾಗ ಅವಳ ಕೈ ಹಿಡಿದು ನಡೆದ ಪ್ರತಿ ಮಗುವಿನ ಅಂಗೈಯೂ ಅವಳಿಗೆ ಬೇರೆಯಾಗಿ ಗೊತ್ತಾಯಿತು. ಇವು ಇಲ್ಲದಿದ್ದರೆ ದಿನಕ್ಕೆ ಏನು ಅರ್ಥ ಎಂದು ಅವಳು ಯೋಚಿಸಿದಳು.

ಶುಕ್ರವಾರ ಚಿಟಿಕೆಯ ಅಮ್ಮ ಬಂದಳು. ಲಾಂಡ್ರಿಯ ಅಂಗಿಯಲ್ಲೇ ಬಂದಿದ್ದಳು, ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು. ಕುರ್ಚಿಯ ತುದಿಯಲ್ಲಿ ಕೂತು, ಎದುರಿನ ಹಾಳೆಯನ್ನು ಓದುತ್ತಿದ್ದಳೋ ಸುಮ್ಮನೆ ನೋಡುತ್ತಿದ್ದಳೋ. ಚಿಟಿಕೆಯನ್ನು ಕರೆತಂದ ಬಾಯಜ್ಜಿ ಮೇಜಿನ ಪಕ್ಕ ನಿಂತಳು. ದೊಡ್ಡ ಟೀಚರ್ ಪೆನ್ನು ಕೊಟ್ಟರು. ತಾಯಿ ಪೆನ್ನು ಹಿಡಿದು ಕೇಳಿದ್ದನ್ನು ಬಾಯಜ್ಜಿ ತುಟಿಯಿಂದ ಓದಿದಳು: "ಇದು ಆಮೇಲೆ ಸರಿಹೋಗುತ್ತಾ ಮೇಡಂ, ಇಲ್ಲ ಯಾವಾಗ್ಲೂ ಹೀಗೇನಾ?"

"ಸಹಿ ಹಾಕಬೇಡಮ್ಮ!" ಎಂದಳು ಬಾಯಜ್ಜಿ. ಕಿರುಚಿಯೇ ಎಂದಿರಬೇಕು, ಇಬ್ಬರೂ ಬೆಚ್ಚಿಬಿದ್ದರು.

"ತೊಂದ್ರೆ ಮಗೂಗಲ್ಲ, ನನಗೆ. ನನಗೆ ಕಿವಿ ಕೇಳಲ್ಲ. ಇಲ್ಲಿಗೆ ಬರೋ ಮುಂಚೆಯಿಂದಾನೇ ಕೇಳಲ್ಲ. ನಾನು ದನಿ ಇಲ್ಲದೆ ಪಾಠ ಮಾಡ್ತಿದ್ದೆ, ನನಗೇ ಗೊತ್ತಾಗಲಿಲ್ಲ. ಅವಳು ನನ್ನ ತುಟಿ ನೋಡಿ ಕಲಿತಳು. ತುಟೀಲಿ ಏನು ಕಾಣುತ್ತೋ ಅದನ್ನೇ ಹೇಳಿದಳು."

ದೊಡ್ಡ ಟೀಚರ್‌ಗೆ ನಂಬಿಕೆ ಬರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಮಗುವನ್ನು ಉಳಿಸಲು ಮುದುಕಿ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡಿದ್ದರು. ಅವರು ಎದ್ದರು. ಮೇಜು ಬಳಸಿ ಬಾಯಜ್ಜಿಯ ಬೆನ್ನ ಹಿಂದೆ ಹೋಗಿ ನಿಂತರು.

"ಬಾಗಿಲ ಪಕ್ಕದ ಮೇಜಿನ ಮೇಲೆ ಗಂಟೆ ಇದೆ. ಕೊಡಿ" ಎಂದರು.

ಬಾಯಜ್ಜಿ ಅಲುಗಲಿಲ್ಲ. ಹಿಂದೆ ಏನೋ ನಡೆಯುತ್ತಿದೆಯೆಂದು ಗೊತ್ತು, ಏನೆಂದು ಗೊತ್ತಿಲ್ಲ. ತಪ್ಪು ಮಾಡಿದವಳ ಹಾಗೆ ಕೈ ಕಟ್ಟಿ ನಿಂತಿದ್ದಳು. ದೊಡ್ಡ ಟೀಚರ್ ಇನ್ನೂ ಜೋರಾಗಿ ಅದೇ ಮಾತು ಹೇಳಿದರು. ಅವಳು ಆಗಲೂ ಅಲುಗಲಿಲ್ಲ. ಚಿಟಿಕೆಯ ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಚಿಟಿಕೆಗೆ ಅದನ್ನು ನೋಡಲಾಗಲಿಲ್ಲ. ಅಜ್ಜಿಗೆ ಯಾರೋ ಏನೋ ಹೇಳುತ್ತಿದ್ದಾರೆ, ಅಜ್ಜಿಗೆ ಗೊತ್ತಾಗುತ್ತಿಲ್ಲ, ಅಷ್ಟೇ ಅವಳಿಗೆ ತಿಳಿದದ್ದು. ಓಡಿ ಬಂದು ಮೊಣಕೈಗೆ ಎರಡು ಸಲ ತಟ್ಟಿದಳು. ಬಾಯಜ್ಜಿ ಬಗ್ಗಿ ನೋಡಿದಳು. ಚಿಟಿಕೆ ದನಿ ತೆಗೆಯದೆ, ಮುಖದ ತುಂಬ ಬಾಯಿ ಮಾಡಿ ಹೇಳತೊಡಗಿದಳು. ಬಾಗಿಲು: ಬೆರಳು ಗಂಟಲಿಗೆ. ಪಕ್ಕ: ಅಂಗೈ ತುಟಿಯ ಮುಂದೆ. ಮೇಜು: ಬೆರಳು ಮೂಗಿಗೆ. ಮೇಲೆ: ಮತ್ತೆ ಮೂಗಿಗೆ. ಒಂದು ಕಡೆಯೂ ತಡವರಿಸಲಿಲ್ಲ.

ಬಾಯಜ್ಜಿ ಹೋಗಿ ಗಂಟೆ ತಂದು ದೊಡ್ಡ ಟೀಚರ್ ಕೈಗೆ ಕೊಟ್ಟಳು.

ಅವರು ಗಂಟೆ ಹಿಡಿದುಕೊಂಡರೇ ಹೊರತು ಅದರ ಕಡೆ ನೋಡಲಿಲ್ಲ. ಚಿಟಿಕೆಯನ್ನೇ ನೋಡುತ್ತಿದ್ದರು. ಬಗ್ಗಿ ಅವಳ ಮಟ್ಟಕ್ಕೆ ಕೂತು, ಕೈಯಿಂದ ಬಾಯಿ ಮುಚ್ಚಿಕೊಂಡು, "ಬಕೆಟ್ಟು" ಎಂದರು. ಚಿಟಿಕೆಯ ಬೆರಳು ಗಂಟಲಿಗೆ ಹೋಯಿತು. "ಮೊಟ್ಟೆ." ಮೂಗಿಗೆ. "ಪೆನ್ಸಿಲ್." ಅಂಗೈ. ಹೀಗೆ ಹತ್ತು ಹನ್ನೆರಡು ಪದ ಕೇಳಿದರು, ಬಾಯಿಪಾಠವಲ್ಲವೆಂದು ತಮಗೇ ಖಾತ್ರಿಯಾಗುವವರೆಗೆ. ಆಮೇಲೆ ಮೇಜಿನ ಮೇಲಿನ ಹಾಳೆಯನ್ನು ತೆಗೆದು ಎರಡು ಹೋಳು ಮಾಡಿದರು.

ತಾಯಿ ಅತ್ತಳು. ಅಳು ನಿಂತ ಮೇಲೆ ಬಾಯಜ್ಜಿಯ ಕಡೆ ತಿರುಗಿದಳು, ಮುಖದಲ್ಲಿ ಸಿಟ್ಟಿತ್ತು. "ನಾಲ್ಕು ತಿಂಗಳು ಎಲ್ರೂ ನನ್ನ ಮಗೂನ ಪೆದ್ದಿ ಅಂದ್ರಲ್ಲಜ್ಜಿ. ನಾನೂ ಒಂದಿನ ಅಂದುಬಿಟ್ಟೆ. ಕೈ ಎತ್ತಿ ಹೊಡೆದೂ ಬಿಟ್ಟೆ."

"ನನ್ನಿಂದ ಆಯ್ತಮ್ಮ" ಎಂದಳು ಬಾಯಜ್ಜಿ. ತಾಯಿ ಮಗಳ ತಲೆ ಸವರುತ್ತ ಕೂತಳು.

ದೊಡ್ಡ ಟೀಚರ್‌ಗೂ ನೋವಾಗಿತ್ತು. "ಆರು ವರ್ಷ ನಿಮ್ಮನ್ನ ನಂಬಿದ್ದೆ. ರಸ್ತೇಲಿ ಹಾರನ್ ಕೇಳದೆ ಈ ಮಕ್ಕಳನ್ನ ದಾಟಿಸ್ತಿದ್ರಾ?" ಎಂದರು. ಸೀಟಿ ವಾಪಸು ಕೇಳಿದರು. ಬಾಯಜ್ಜಿ ಕೊರಳಿಂದ ದಾರ ತೆಗೆದು ಕೊಟ್ಟಳು. ಆ ಸೀಟಿ ಅವಳಿಗೆ ಬಹಳ ಇಷ್ಟದ್ದು, ಊದಿದಾಗ ತನಗೇ ಕೇಳದಿದ್ದರೂ ಬಸ್ಸುಗಳು ನಿಲ್ಲುತ್ತಿದ್ದವಲ್ಲ. ಅದು ಹೋದ ಮೇಲೆ ಇನ್ನೇನು, ಕೆಲಸವೂ ಹೋಯಿತು ಎಂದುಕೊಂಡು ಬಾಗಿಲ ಕಡೆ ನಡೆದಳು. ಚಿಟಿಕೆ ಮೊಣಕೈಗೆ ತಟ್ಟಿದಳು. ತಿರುಗಿ ನೋಡಿದರೆ ದೊಡ್ಡ ಟೀಚರ್ ಮಾತಾಡುತ್ತಿದ್ದರು, ಬಾಯಜ್ಜಿಯಂತೆಯೇ ಬಾಯಿ ಅಗಲಿಸಿ, ಒಂದೊಂದು ಮಾತನ್ನೂ ಬಿಡಿಸಿ.

"ಸೋಮವಾರದಿಂದ ಮೆಟ್ಟಿಲ ಕೆಳಗೆ ಬೇಡ. ಚಪ್ಪರಕ್ಕೇ ಹೋಗಿ. ಎಷ್ಟು ಬೇಕಾದ್ರೂ ಕಿರುಚಿ. ಪಕ್ಕದ ತರಗತಿಯವರಿಗೆ ನಾನು ಹೇಳ್ತೀನಿ."

ಒಂದೂವರೆ ತಿಂಗಳು ಕಳೆದಿತ್ತು. ಸೀಟಿ ಈಗ ತರಗತಿಯ ಟೀಚರ್ ಹತ್ತಿರವಿತ್ತು. ಸಂಜೆ ರಸ್ತೆಯ ಕಡೆ ನೋಡುವಾಗ ಬಾಯಜ್ಜಿಯ ಕೈ ಇನ್ನೂ ಕೊರಳಲ್ಲಿ ಸೀಟಿಯ ದಾರ ಹುಡುಕುತ್ತಿತ್ತು. ಚಿಟಿಕೆಯ ಅಮ್ಮ ಗೇಟಿನ ಹತ್ತಿರ ಕಂಡರೆ ತಲೆ ಆಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆ ದಿನ ಮಾತ್ರ ಅವಳು ಮಗಳನ್ನು ಗೇಟಿನಲ್ಲಿ ಬಿಡದೆ ಚಪ್ಪರದವರೆಗೆ ಕರೆತಂದಳು. ಚಿಟಿಕೆಯ ಕಂಕುಳಲ್ಲಿ ಪುಸ್ತಕ.

"ರಾತ್ರಿ ನನಗೆ ಓದಿ ತೋರಿಸಿದ್ಲು, ಪೂರ್ತಿ ಪುಟ" ಎಂದಳು ತಾಯಿ. "ಈಗ ನಿಮಗೆ ಓದಬೇಕಂತೆ. ಹಟ ಹಿಡಿದಿದ್ದಾಳೆ."

ಚಿಟಿಕೆ ಎದುರಿಗೆ ಕೂತು ಪುಟ ತೆರೆದಳು. ಬಾಯಜ್ಜಿ ಎಂದಿನಂತೆ ಅವಳ ತುಟಿ ನೋಡಲು ಬಗ್ಗಿದಳು. ಆರು ವರ್ಷದಲ್ಲಿ ಎಷ್ಟೋ ಮಕ್ಕಳು ಅವಳ ಮುಂದೆ ಹೀಗೆ ಮೊದಲ ಪುಟ ಓದಿದ್ದವು. ಅವಳು ಎಲ್ಲವನ್ನೂ ನೋಡಿದ್ದಳು, ಭೇಷ್ ಎಂದಿದ್ದಳು, ಒಂದನ್ನೂ ಕೇಳಿರಲಿಲ್ಲ. ಯಾರಿಗೂ ಹೇಳಿಕೊಳ್ಳದ ದುಃಖ ಅದು. ಇವತ್ತು ಪುಸ್ತಕ ದೊಡ್ಡದು, ಮಗು ಚಿಕ್ಕದು. ಬಾಯಿ ಪುಸ್ತಕದ ಹಿಂದೆ ಮರೆಯಾಗಿ ತುಟಿಯೂ ಕಾಣಲಿಲ್ಲ.

"ಪುಸ್ತಕ ಸ್ವಲ್ಪ ಕೆಳಗಿಡು ತಾಯಿ. ಬಾಯಿ ಕಾಣ್ತಿಲ್ಲ" ಎಂದಳು.

ಚಿಟಿಕೆ ಪುಸ್ತಕ ಇಳಿಸಲಿಲ್ಲ. ಒಂದು ಕೈ ಚಾಚಿ ಬಾಯಜ್ಜಿಯ ಕೈ ಹಿಡಿದು ಎಳೆದು, ಅದರ ಬೆರಳುಗಳನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. ಆಮೇಲೆ ಓದಿದಳು.

ಬೆರಳಡಿಯಲ್ಲಿ ಬೆಚ್ಚಗೆ ಅದುರಿತು. ನಿಂತಿತು. ಮತ್ತೆ ಅದುರಿತು. ಒಂದು ಪದ, ಇನ್ನೊಂದು ಪದ, ಒಂದು ಸಾಲು. ಎಲ್ಲಿ ತಡೆದಳು, ಎಲ್ಲಿ ಓಡಿದಳು, ಎಲ್ಲಿ ನಗು ಬಂತು, ಎಲ್ಲವೂ ಬಾಯಜ್ಜಿಗೆ ತಿಳಿಯಿತು. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಪುಟ ಮುಗಿದುಹೋಯಿತು, ಗಂಟಲು ಸುಮ್ಮನಾಯಿತು.

"ಇನ್ನೊಂದ್ಸಲ ಓದು ತಾಯಿ" ಎಂದಳು ಬಾಯಜ್ಜಿ. "ಈಗ ತಾನೇ ಕೇಳೋಕೆ ಶುರು ಮಾಡಿದ್ದೀನಿ."